ಕ್ಯಾಮೆರಾ ಲೆನ್ಸುಗಳನ್ನು ಸುರಕ್ಷಿತವಾಗಿ ಶುಚಿಗೊಳಿಸುವ ಹಾಗೂ ಸಂರಕ್ಷಿಸುವ ವಿಧಾನ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಛಾಯಾಚಿತ್ರವು ಇಂದು ಕೇವಲ ನೆನಪಿನ ವಸ್ತುವಾಗಿ ಉಳಿದಿಲ್ಲ. ಸ್ಥಳ ಮಹಜರು, ಬೆಳೆ ಹಾನಿ ಸಮೀಕ್ಷೆ, ಕಾಮಗಾರಿಗಳ ಪ್ರಗತಿ ಪರಿಶೀಲನೆ, ವಿಮಾ ಪರಿಹಾರ ಮುಂತಾದ ಅನೇಕ ಸಂದರ್ಭಗಳಲ್ಲಿ ಅದು ದಾಖಲೆಯಾಗಿ ಪರಿಗಣಿತವಾಗುತ್ತದೆ. ಆ ದಾಖಲೆಯ ಸ್ಪಷ್ಟತೆಯು ಕ್ಯಾಮೆರಾದ ಮುಂಭಾಗದಲ್ಲಿರುವ ಮಸೂರ, ಅಂದರೆ ಲೆನ್ಸಿನ ಸ್ಥಿತಿಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಈ ಲೇಖನವನ್ನು ಸಿದ್ಧಪಡಿಸಲು ಪ್ರೇರಣೆಯಾದ ಒಂದು ಪ್ರಸಂಗವನ್ನು ಇಲ್ಲಿ ಉಲ್ಲೇಖಿಸುವುದು ಸೂಕ್ತ. ಲೇಖಕರು ಹಿಂದೆ ಕರ್ತವ್ಯ ನಿರ್ವಹಿಸಿದ ಮಲೆನಾಡಿನ ಕಚೇರಿಯೊಂದರಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು, ಹಳೆಯ ಕಡತಗಳ ಜೊತೆ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಡಲಾಗಿತ್ತು. ಅತಿವೃಷ್ಟಿಯಿಂದ ಹಾನಿಗೊಂಡ ಮನೆಗಳ ಛಾಯಾಚಿತ್ರ ತೆಗೆಯಲು ಅದನ್ನು ಹೊರತೆಗೆದಾಗ ಲೆನ್ಸಿನ ಮೇಲೆ ಮಂಜು ಕವಿದಂತೆ ಕಂಡಿತು. ಸಿಬ್ಬಂದಿಯೊಬ್ಬರು ಅಂಗಿಯ ಅಂಚಿನಿಂದ ಅದನ್ನು ಚೆನ್ನಾಗಿ ಉಜ್ಜಿ ಒರೆಸಿದರು. ಮಂಜು ಹೋಗಲಿಲ್ಲ, ಏಕೆಂದರೆ ಅದು ಲೆನ್ಸಿನ ಒಳಗಡೆ ಬೆಳೆದಿದ್ದ ಬೂಷ್ಟು ಆಗಿತ್ತು. ಉಜ್ಜಿದ್ದರಿಂದ ಹೊರಮೈಯ ಮೇಲೆ ಗೀರುಗಳು ಮಾತ್ರ ಉಳಿದವು. ತೆಗೆದ ಚಿತ್ರಗಳಲ್ಲಿ ಒಂದು ಮನೆಯ ಗೋಡೆಯ ಬಿರುಕು ಸ್ಪಷ್ಟವಾಗಿ ಮೂಡಿಬರಲಿಲ್ಲ. ಮತ್ತೊಮ್ಮೆ ಚಿತ್ರ ತೆಗೆಯಲು ಹೋಗುವಷ್ಟರಲ್ಲಿ ಮನೆಯವರು ಮಳೆಗೆ ಹೆದರಿ ಬಿರುಕಿಗೆ ಗಾರೆ ಮೆತ್ತಿಸಿಕೊಂಡಿದ್ದರು. ಪರಿಹಾರದ ಕಡತವು ಪುರಾವೆಯಿಲ್ಲದೆ ಬಹಳ ದಿನ ಮುಂದೆ ಸಾಗಲಿಲ್ಲ.

ಈ ಪ್ರಸಂಗದಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ಲೆನ್ಸನ್ನು ತೇವದಲ್ಲಿ ಇಟ್ಟದ್ದು. ಎರಡನೆಯದು ಅದನ್ನು ಉಜ್ಜಿದ್ದು. ಲೆನ್ಸುಗಳು ಹಾಳಾಗುವುದು ಧೂಳಿನಿಂದಲ್ಲ, ಬಹುತೇಕ ಈ ಎರಡು ಕಾರಣಗಳಿಂದ. ಆದುದರಿಂದ ಲೆನ್ಸನ್ನು ಒಣ ಸ್ಥಳದಲ್ಲಿ ಇಡುವುದು ಮತ್ತು ಅಗತ್ಯವಿದ್ದಾಗ ಮಾತ್ರ ಮುಟ್ಟುವುದು ಸಂರಕ್ಷಣೆಯ ಮೂಲ ನಿಯಮವಾಗಿದೆ. ಕೆಳಕಂಡ ವಿವರಗಳು ಈ ನಿಯಮವನ್ನು ಆಧರಿಸಿವೆ.

2. ಲೆನ್ಸಿನ ಮೇಲ್ಮೈಯ ರಚನೆ

ಕ್ಯಾಮೆರಾ ಲೆನ್ಸ್ ಒಂದೇ ಗಾಜಿನ ತುಂಡಲ್ಲ. ಒಂದು ಕೊಳವೆಯೊಳಗೆ ಹಲವು ಗಾಜಿನ ಬಿಲ್ಲೆಗಳನ್ನು ಕ್ರಮವಾಗಿ ಜೋಡಿಸಿರುತ್ತಾರೆ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ಪ್ರತಿಫಲಿಸಿ ಹಿಂದಕ್ಕೆ ಕಳುಹಿಸುತ್ತದೆ. ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಸವಕಳಿಯನ್ನು ಕಳೆಯುವ ಲೆಕ್ಕದಂತೆ ಇಲ್ಲಿಯೂ ಪ್ರತಿ ಮೇಲ್ಮೈಯಲ್ಲಿ ಉಳಿದ ಬೆಳಕಿನ ಶೇ. 4 ಕಳೆಯುತ್ತಾ ಹೋಗುತ್ತದೆ. ಬಿಡಿಬಿಡಿಯಾದ 5 ಬಿಲ್ಲೆಗಳಿದ್ದರೆ 10 ಮೇಲ್ಮೈಗಳಾಗುತ್ತವೆ. ಅವುಗಳನ್ನು ದಾಟಿದ ನಂತರ 100 ಭಾಗ ಬೆಳಕಿನಲ್ಲಿ ಸುಮಾರು 66 ಭಾಗ ಮಾತ್ರ ಉಳಿಯುತ್ತದೆ. ಹೀಗೆ ಕಳೆದುಹೋದ ಬೆಳಕಿನ ಒಂದಂಶವು ಲೆನ್ಸಿನೊಳಗೇ ಅಲೆದು ಚಿತ್ರವನ್ನು ಮಸುಕುಗೊಳಿಸುತ್ತದೆ.

ಈ ನಷ್ಟವನ್ನು ತಪ್ಪಿಸಲು ಗಾಜಿನ ಮೇಲೆ ಅತಿ ತೆಳುವಾದ ಪ್ರತಿಫಲನ ನಿರೋಧಕ ಲೇಪನವನ್ನು ಕೊಡಲಾಗುತ್ತದೆ. ಜರ್ಮನಿಯ ಜೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ಅವರು 1935ರಲ್ಲಿ ಇಂತಹ ಲೇಪನದ ವಿಧಾನವನ್ನು ರೂಪಿಸಿದರು. ಮೆಗ್ನೀಸಿಯಂ ಫ್ಲೋರೈಡ್ ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ವಸ್ತುವಾಗಿದೆ. ಈಗಿನ ಬಹುಪದರ ಲೇಪನಗಳು ಪ್ರತಿ ಮೇಲ್ಮೈಯ ಪ್ರತಿಫಲನವನ್ನು ಶೇ. 0.5 ಅಥವಾ ಅದಕ್ಕಿಂತ ಕಡಿಮೆಗೆ ಇಳಿಸುತ್ತವೆ. ಮೇಲಿನ ಲೆಕ್ಕವನ್ನೇ ಇದಕ್ಕೆ ಅನ್ವಯಿಸಿದರೆ 100 ಭಾಗದಲ್ಲಿ ಸುಮಾರು 95 ಭಾಗ ಬೆಳಕು ಉಳಿಯುತ್ತದೆ. ಲೆನ್ಸನ್ನು ಓರೆಯಾಗಿ ಹಿಡಿದು ನೋಡಿದಾಗ ಕಾಣುವ ನೇರಳೆ ಅಥವಾ ಹಸಿರು ಹೊಳಪು ಈ ಲೇಪನದ್ದೇ ಆಗಿದೆ.

ಒಂದು ಪದರದ ಲೇಪನದ ದಪ್ಪ ಸುಮಾರು 100 ನ್ಯಾನೊಮೀಟರ್, ಅಂದರೆ 1 ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ. ನಮ್ಮ ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳು ಸಾಮಾನ್ಯವಾಗಿ ಇರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಬೆಣಚುಕಲ್ಲಿನ ಅಂಕ 7. ಇದು ಸಾಮಾನ್ಯ ಗಾಜಿಗಿಂತ ಹೆಚ್ಚು. ಧೂಳು ಕುಳಿತಿರುವ ಲೆನ್ಸನ್ನು ಬಟ್ಟೆಯಿಂದ ಒರೆಸುವುದೆಂದರೆ ಮರಳು ಕಾಗದದಿಂದ ಉಜ್ಜುವುದಕ್ಕೆ ಸಮಾನ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

3. ಯಾವಾಗ ಶುಚಿಗೊಳಿಸಬೇಕು

ಲೆನ್ಸಿನ ಮುಂಭಾಗದಲ್ಲಿರುವ ಕೆಲವು ಧೂಳಿನ ಕಣಗಳು ಚಿತ್ರದಲ್ಲಿ ಕಾಣಿಸುವುದಿಲ್ಲ. ಅವುಗಳಿಗಾಗಿ ದಿನನಿತ್ಯ ಲೆನ್ಸನ್ನು ಒರೆಸುವ ಅಗತ್ಯವಿಲ್ಲ. ಆದರೆ ಬೆರಳಿನ ಗುರುತು, ಎಣ್ಣೆಯ ಕಲೆ, ಮಳೆಹನಿ ಮತ್ತು ಉಪ್ಪುನೀರಿನ ಹನಿಗಳನ್ನು ತಡಮಾಡದೆ ತೆಗೆಯತಕ್ಕದ್ದು. ಬೆರಳಿನ ಜಿಡ್ಡು ಬೆಳಕನ್ನು ಚದುರಿಸಿ ಚಿತ್ರವನ್ನು ಮಸುಕುಗೊಳಿಸುತ್ತದೆ. ದೀಪಕ್ಕೆ ಅಥವಾ ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಅಲ್ಲದೆ ಅದೇ ಜಿಡ್ಡು ಮುಂದೆ ಬೂಷ್ಟಿಗೆ ಆಹಾರವಾಗುತ್ತದೆ.

ಕ್ಯಾಮೆರಾದಿಂದ ಬಿಡಿಸಬಹುದಾದ ಲೆನ್ಸುಗಳಲ್ಲಿ ಹಿಂಬದಿಯ ಗಾಜಿನ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅಲ್ಲಿನ ಕಲೆ ಮುಂಭಾಗದ ಕಲೆಗಿಂತ ಹೆಚ್ಚಾಗಿ ಚಿತ್ರವನ್ನು ಕೆಡಿಸುತ್ತದೆ. ಆದುದರಿಂದ ಲೆನ್ಸನ್ನು ಬಿಡಿಸಿದ ಕೂಡಲೇ ಹಿಂಬದಿಗೆ ಮುಚ್ಚಳ ಹಾಕತಕ್ಕದ್ದು.

4. ಅಗತ್ಯವಿರುವ ಸಾಮಗ್ರಿಗಳು

(ಅ) ಕೈಯಿಂದ ಒತ್ತಿ ಗಾಳಿ ಊದುವ ರಬ್ಬರ್ ಬ್ಲೋವರ್.
(ಆ) ಲೆನ್ಸಿಗಾಗಿಯೇ ಮೀಸಲಾದ ಮೃದು ಕೂದಲಿನ ಕುಂಚ. ಇದರ ಕೂದಲನ್ನು ಬೆರಳಿನಿಂದ ಮುಟ್ಟಬಾರದು. ಮುಟ್ಟಿದರೆ ಬೆರಳಿನ ಜಿಡ್ಡು ಕುಂಚದ ಮೂಲಕ ಗಾಜಿಗೆ ಹೋಗುತ್ತದೆ.
(ಇ) ಶುಚಿಯಾದ ಮೈಕ್ರೋಫೈಬರ್ ಬಟ್ಟೆ ಅಥವಾ ಕ್ಯಾಮೆರಾ ಅಂಗಡಿಗಳಲ್ಲಿ ದೊರೆಯುವ ಲೆನ್ಸ್ ಟಿಶ್ಯೂ ಕಾಗದ.
(ಈ) ಲೆನ್ಸ್ ಶುಚಿಗೊಳಿಸುವ ದ್ರಾವಣ.
(ಉ) ಪರೀಕ್ಷಿಸಿ ನೋಡಲು ಒಂದು ಸಣ್ಣ ಟಾರ್ಚ್.

ಮೈಕ್ರೋಫೈಬರ್ ಬಟ್ಟೆಯನ್ನು ಆಗಾಗ ಸೌಮ್ಯ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿ, ಮುಚ್ಚಿದ ಲಕೋಟೆಯಲ್ಲಿ ಇಡತಕ್ಕದ್ದು. ಬಟ್ಟೆ ಮೃದುಗೊಳಿಸುವ ದ್ರವವನ್ನು ಬಳಸಬಾರದು, ಅದರ ಅಂಶವು ಗಾಜಿನ ಮೇಲೆ ಪೊರೆಯಾಗಿ ಕೂರುತ್ತದೆ. ಕೊಳೆಯಾದ ಮೈಕ್ರೋಫೈಬರ್ ಬಟ್ಟೆಗೂ ಅಂಗಿಯ ಅಂಚಿಗೂ ವ್ಯತ್ಯಾಸವಿಲ್ಲ.

5. ಶುಚಿಗೊಳಿಸುವ ಕ್ರಮ

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸತಕ್ಕದ್ದು. ಯಾವ ಹಂತದಲ್ಲಿ ಲೆನ್ಸ್ ಶುಚಿಯಾಗಿ ಕಾಣುವುದೋ ಅಲ್ಲಿಗೇ ನಿಲ್ಲಿಸಬೇಕು. ಮುಂದಿನ ಹಂತಕ್ಕೆ ಹೋಗಬೇಕಾದ ಅಗತ್ಯವಿಲ್ಲ.

ಹಂತ 1: ಕೈಗಳನ್ನು ಸಾಬೂನಿನಿಂದ ತೊಳೆದು ಪೂರ್ಣವಾಗಿ ಒಣಗಿಸಿಕೊಳ್ಳಿ. ಫ್ಯಾನ್ ನಿಲ್ಲಿಸಿ. ಮೇಜಿನ ಮೇಲೆ ಶುಚಿಯಾದ ಬಟ್ಟೆ ಹಾಸಿ.

ಹಂತ 2: ಲೆನ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದು ಕಲೆಯು ಧೂಳೋ, ಜಿಡ್ಡೋ ಅಥವಾ ಒಳಭಾಗದಲ್ಲಿದೆಯೋ ಎಂಬುದನ್ನು ಗಮನಿಸಿ. ಒಳಗಿನ ಕಲೆಯನ್ನು ಹೊರಗಿನಿಂದ ಒರೆಸಿ ಪ್ರಯೋಜನವಿಲ್ಲ.

ಹಂತ 3: ಗಾಜು ನೆಲದ ಕಡೆಗೆ ಮುಖ ಮಾಡುವಂತೆ ಲೆನ್ಸನ್ನು ಹಿಡಿದು ಬ್ಲೋವರ್‌ನಿಂದ ಹಲವು ಬಾರಿ ಗಾಳಿ ಊದಿ. ಸಡಿಲಗೊಂಡ ಕಣಗಳು ಕೆಳಕ್ಕೆ ಬೀಳುತ್ತವೆ. ಬ್ಲೋವರ್‌ನ ತುದಿ ಗಾಜಿಗೆ ತಾಗದಂತೆ ಎಚ್ಚರ ವಹಿಸಿ.

ಹಂತ 4: ಉಳಿದ ಕಣಗಳನ್ನು ಕುಂಚದಿಂದ ಹಗುರವಾಗಿ, ಒತ್ತಡ ಹಾಕದೆ ಸರಿಸಿ. ಪುನಃ ಗಾಳಿ ಊದಿ. ಹೆಚ್ಚಿನ ಸಂದರ್ಭಗಳಲ್ಲಿ ಕೆಲಸ ಇಲ್ಲಿಗೆ ಮುಗಿಯುತ್ತದೆ.

ಹಂತ 5: ಬೆರಳಿನ ಗುರುತು ಅಥವಾ ಜಿಡ್ಡು ಇದ್ದಲ್ಲಿ ಮಾತ್ರ ಟಿಶ್ಯೂ ಕಾಗದಕ್ಕೆ ಒಂದೆರಡು ಹನಿ ದ್ರಾವಣ ಹಾಕಿ. ದ್ರಾವಣವನ್ನು ನೇರವಾಗಿ ಗಾಜಿನ ಮೇಲೆ ಹಾಕಬಾರದು. ಅದು ಅಂಚಿನ ಸಂದಿನಿಂದ ಒಳಕ್ಕೆ ಇಳಿದರೆ ಹೊರತೆಗೆಯಲು ಲೆನ್ಸನ್ನೇ ಬಿಚ್ಚಬೇಕಾಗುತ್ತದೆ.

ಹಂತ 6: ಮಧ್ಯಭಾಗದಿಂದ ಆರಂಭಿಸಿ ಸುತ್ತು ಸುತ್ತಾಗಿ ಅಂಚಿನ ಕಡೆಗೆ ಹಗುರವಾಗಿ ಒರೆಸಿ. ಒಮ್ಮೆ ಒರೆಸಿದ ಕಾಗದದ ಭಾಗವನ್ನು ಮತ್ತೆ ಬಳಸಬೇಡಿ. ಕಲೆ ಉಳಿದರೆ ಹೊಸ ಕಾಗದ ತೆಗೆದುಕೊಳ್ಳಿ, ಒತ್ತಡ ಹೆಚ್ಚಿಸಬೇಡಿ.

ಹಂತ 7: ಒಣ ಕಾಗದದಿಂದ ಉಳಿದ ತೇವವನ್ನು ತೆಗೆದು, ಕೊನೆಯ ಬಾರಿ ಗಾಳಿ ಊದಿ, ಮುಚ್ಚಳ ಹಾಕಿ. ಮುಚ್ಚಳದ ಒಳಭಾಗದಲ್ಲಿ ಧೂಳು ಇಲ್ಲವೆಂಬುದನ್ನು ಮೊದಲೇ ನೋಡಿಕೊಳ್ಳಿ.

6. ಮಾಡಬಾರದ ಕೆಲಸಗಳು

(ಅ) ಅಂಗಿ, ಪಂಚೆ, ಸೀರೆಯ ಸೆರಗು, ಕರವಸ್ತ್ರ ಹಾಗೂ ಊಟದ ಮೇಜಿನ ಕಾಗದದಿಂದ ಲೆನ್ಸನ್ನು ಒರೆಸಬಾರದು.
(ಆ) ಬಾಯಿಯಿಂದ ಊದಬಾರದು. ಎಂಜಲಿನ ಹನಿಗಳು ಗಾಜಿನ ಮೇಲೆ ಬೀಳುತ್ತವೆ.
(ಇ) ಕಿಟಕಿ ಗಾಜು ತೊಳೆಯುವ ದ್ರವ, ಉಗುರುಬಣ್ಣ ತೆಗೆಯುವ ದ್ರವ, ಪೆಟ್ರೋಲ್, ಥಿನ್ನರ್ ಬಳಸಬಾರದು. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ಲೆನ್ಸಿನ ಪ್ಲಾಸ್ಟಿಕ್ ಭಾಗಗಳನ್ನು ಕರಗಿಸಬಲ್ಲದು.
(ಈ) ಗೀರು ಹೋಗಲೆಂದು ಹಲ್ಲುಜ್ಜುವ ಪೇಸ್ಟ್ ಹಚ್ಚಿ ಉಜ್ಜಬಾರದು. ಗೀರಿನ ಜೊತೆ ಲೇಪನವೂ ಹೋಗುತ್ತದೆ.
(ಉ) ಕಂಪ್ಯೂಟರ್ ಶುಚಿಗೊಳಿಸುವ ಡಬ್ಬಿಯ ಗಾಳಿಯನ್ನು ಬಳಸಬಾರದು. ಅದರಿಂದ ದ್ರವ ಚಿಮ್ಮಿ ಗಾಜಿನ ಮೇಲೆ ಕಲೆ ಮಾಡಬಹುದು.
(ಊ) ಆಯುಧ ಪೂಜೆಯ ದಿನ ಲೆನ್ಸಿನ ಗಾಜಿಗೆ ಅರಿಶಿನ, ಕುಂಕುಮ, ವಿಭೂತಿ ಹಚ್ಚಬಾರದು. ಮುಚ್ಚಳ ಹಾಕಿ, ಕ್ಯಾಮೆರಾದ ಚೀಲಕ್ಕೆ ಅಥವಾ ಪೆಟ್ಟಿಗೆಗೆ ಹಚ್ಚಿದರೆ ಸಾಕು. ಧೂಪ ಮತ್ತು ಕರ್ಪೂರದ ಹೊಗೆಯಿಂದಲೂ ಕ್ಯಾಮೆರಾವನ್ನು ದೂರವಿಡುವುದು ಒಳ್ಳೆಯದು.

7. ಬೂಷ್ಟಿನ ಬಾಧೆ

ಬೂಷ್ಟು ಒಂದು ಶಿಲೀಂಧ್ರ. ಇದರ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ. ಲೆನ್ಸಿನೊಳಗೆ ಅವು ಪ್ರವೇಶಿಸದಂತೆ ತಡೆಯಲು ಸಾಧ್ಯವಿಲ್ಲ, ಬೆಳೆಯದಂತೆ ತಡೆಯಲು ಮಾತ್ರ ಸಾಧ್ಯ. ಗಾಳಿಯ ಸಾಪೇಕ್ಷ ಆರ್ದ್ರತೆ ಬಹುದಿನಗಳವರೆಗೆ ಶೇ. 60ರಿಂದ 70ಕ್ಕಿಂತ ಮೇಲಿದ್ದು, ಕತ್ತಲೆ ಹಾಗೂ ಗಾಳಿಯಾಡದ ಸ್ಥಳ ದೊರೆತರೆ ಇದು ಬೆಳೆಯತೊಡಗುತ್ತದೆ. ಟಾರ್ಚನ್ನು ಲೆನ್ಸಿನ ಒಂದು ಬದಿಯಿಂದ ಹಾಯಿಸಿ ಇನ್ನೊಂದು ಬದಿಯಿಂದ ಓರೆಯಾಗಿ ನೋಡಿದಾಗ ಜೇಡರ ಬಲೆಯಂತಹ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು ಎಂದು ತಿಳಿಯಬಹುದು.

ಆರಂಭದ ಹಂತದಲ್ಲಿ ನುರಿತ ದುರಸ್ತಿಗಾರರು ಲೆನ್ಸನ್ನು ಬಿಚ್ಚಿ ಇದನ್ನು ತೆಗೆಯಬಲ್ಲರು. ಆದರೆ ಬೂಷ್ಟು ಸ್ರವಿಸುವ ಆಮ್ಲಗಳು ಕಾಲಕ್ರಮೇಣ ಲೇಪನವನ್ನೂ ಗಾಜನ್ನೂ ಕೊರೆಯುತ್ತವೆ. ಆ ನಂತರ ಬೂಷ್ಟನ್ನು ತೆಗೆದರೂ ಅದರ ಗುರುತು ಶಾಶ್ವತವಾಗಿ ಉಳಿಯುತ್ತದೆ. ಆದುದರಿಂದ ಕಂಡ ಕೂಡಲೇ ದುರಸ್ತಿಗೆ ಕೊಡತಕ್ಕದ್ದು. ಅಲ್ಲಿಯವರೆಗೆ ಮುನ್ನೆಚ್ಚರಿಕೆಯಾಗಿ ಆ ಲೆನ್ಸನ್ನು ಬೇರೆ ಲೆನ್ಸುಗಳಿಂದ ಪ್ರತ್ಯೇಕವಾಗಿ ಇಡಬೇಕು.

ಬೂಷ್ಟು ಸಾಯಲೆಂದು ಲೆನ್ಸನ್ನು ಬಿಸಿಲಿನಲ್ಲಿ ಬಿಟ್ಟುಹೋಗುವುದು ಅಪಾಯಕಾರಿ. ಲೆನ್ಸ್ ಸೂರ್ಯನ ಕಿರಣಗಳನ್ನು ಒಂದೆಡೆ ಕೇಂದ್ರೀಕರಿಸಿ ಬೆಂಕಿ ಹೊತ್ತಿಸಬಲ್ಲದು. ಅತಿಯಾದ ಬಿಸಿಯಿಂದ ಒಳಗಿನ ಜಿಡ್ಡು ತೆಳುವಾಗಿ ಹರಿದು ಅಪರ್ಚರ್ ಎಲೆಗಳಿಗೆ ಅಂಟಿಕೊಳ್ಳಲೂಬಹುದು.

8. ಸಂಗ್ರಹಿಸಿ ಇಡುವ ವಿಧಾನ

ಲೆನ್ಸುಗಳನ್ನು ಇಡಲು ಶೇ. 40ರಿಂದ 50ರವರೆಗಿನ ಆರ್ದ್ರತೆ ಸೂಕ್ತವಾಗಿದೆ. ಇದಕ್ಕಾಗಿಯೇ ತಯಾರಾದ ವಿದ್ಯುತ್ ಚಾಲಿತ ಒಣ ಕಪಾಟುಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅವು ಕೈಗೆಟುಕದಿದ್ದಲ್ಲಿ ಅಡುಗೆ ಮನೆಯಲ್ಲಿ ಬಳಸುವಂತಹ, ಗಾಳಿ ಹೋಗದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ಆರ್ದ್ರತಾಮಾಪಕ ಇವಿಷ್ಟರಿಂದ ಅದೇ ಉದ್ದೇಶ ಈಡೇರುತ್ತದೆ.

ಸಿಲಿಕಾ ಜೆಲ್ ತೇವವನ್ನು ಹೀರಿಕೊಳ್ಳುತ್ತಾ ಹೋಗಿ ಕೊನೆಗೆ ತೃಪ್ತವಾಗುತ್ತದೆ. ನೀಲಿ ಬಣ್ಣದ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ಇನ್ನು ಕೆಲಸ ಮಾಡುವುದಿಲ್ಲವೆಂದು ಅರ್ಥ. ಆಗ ಅದನ್ನು ಸುಮಾರು 100ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ ಮತ್ತು ಪುನಃ ಬಳಸಬಹುದು. ನೀಲಿ ಬಣ್ಣಕ್ಕೆ ಕಾರಣವಾದ ಕೋಬಾಲ್ಟ್ ಕ್ಲೋರೈಡ್ ವಿಷಕಾರಿಯಾದ್ದರಿಂದ ಅಡುಗೆಯ ಪಾತ್ರೆಗಳಲ್ಲಿ ಒಣಗಿಸಬಾರದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ ಜೆಲ್ ಕೂಡ ದೊರೆಯುತ್ತದೆ.

ಸಿಲಿಕಾ ಜೆಲ್ ಬದಲಿಗೆ ಅಕ್ಕಿಯನ್ನು ಇಡುವುದು ಸರಿಯಲ್ಲ. ಅದರ ಹಿಟ್ಟಿನ ಪುಡಿ ಲೆನ್ಸಿನ ಸಂದುಗಳಿಗೆ ಸೇರುತ್ತದೆ. ನುಸಿ ಗುಳಿಗೆಗಳನ್ನೂ ಇಡಬಾರದು. ಅವು ತೇವವನ್ನು ಹೀರುವುದಿಲ್ಲ, ಬದಲಿಗೆ ಅವುಗಳ ಆವಿ ಗಾಜಿನ ಮೇಲೆ ಪೊರೆಯಾಗಿ ಕೂರುವ ಸಂಭವವಿದೆ. ಚರ್ಮದ ಚೀಲವು ಒಯ್ಯಲು ಮಾತ್ರ, ಇಡಲು ಅಲ್ಲ. ಚರ್ಮವು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ ಮತ್ತು ಅದರ ಮೇಲೂ ಬೂಷ್ಟು ಬೆಳೆಯುತ್ತದೆ. ಬೀಗ ಹಾಕಿದ ಕಬ್ಬಿಣದ ಬೀರು ಕಳ್ಳತನದಿಂದ ರಕ್ಷಿಸುತ್ತದೆಯೇ ಹೊರತು ತೇವದಿಂದ ರಕ್ಷಿಸುವುದಿಲ್ಲ.

ಕನಿಷ್ಠ 15 ದಿನಗಳಿಗೊಮ್ಮೆ ಲೆನ್ಸನ್ನು ಹೊರತೆಗೆದು, ಅದರ ಬಳೆಗಳನ್ನು ತಿರುಗಿಸಿ, ಕೆಲವು ಚಿತ್ರಗಳನ್ನು ತೆಗೆದು ಒಳಗಿಡುವುದು ಉತ್ತಮ ಅಭ್ಯಾಸ. ಬಳಕೆಯಲ್ಲಿರುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಕಡಿಮೆ.

9. ಪ್ರದೇಶವಾರು ಮುನ್ನೆಚ್ಚರಿಕೆಗಳು

ಕರಾವಳಿ: ಕಾರವಾರ, ಮಲ್ಪೆ, ಮಂಗಳೂರು ಮುಂತಾದ ಕಡೆ ಸಮುದ್ರದ ಗಾಳಿಯಲ್ಲಿ ಉಪ್ಪಿನ ಅಂಶವಿರುತ್ತದೆ. ಕಡಲತೀರದಿಂದ ಬಂದ ಕೂಡಲೇ ಕ್ಯಾಮೆರಾದ ಹೊರಕವಚವನ್ನು ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ನಂತರ ಒಣ ಬಟ್ಟೆಯಿಂದ ಒರೆಸತಕ್ಕದ್ದು. ಗಾಜಿನ ಮೇಲೆ ಹನಿ ಒಣಗಿ ಉಪ್ಪಿನ ಹರಳಾಗಿದ್ದರೆ ಒಣ ಬಟ್ಟೆಯಿಂದ ಉಜ್ಜಬಾರದು. ತೇವಗೊಳಿಸಿದ ಟಿಶ್ಯೂ ಕಾಗದವನ್ನು ಮುಟ್ಟಿಸಿ ಹರಳು ಕರಗಿದ ನಂತರ ತೆಗೆಯಬೇಕು. ಹವಾನಿಯಂತ್ರಿತ ಕೊಠಡಿಯಿಂದ ಹೊರಗಿನ ಸೆಕೆಗೆ ಬಂದಾಗ ತಣ್ಣಗಿರುವ ಲೆನ್ಸಿನ ಮೇಲೆ ನೀರಾವಿ ಹನಿಗಟ್ಟುತ್ತದೆ. ಹೊರಡುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹೊರಗೆ ಅರ್ಧದಿಂದ ಒಂದು ಗಂಟೆ ಕಾಲ ಬಿಟ್ಟು ತೆರೆದರೆ ಹನಿಗಳು ಚೀಲದ ಹೊರಮೈಯಲ್ಲೇ ಉಳಿಯುತ್ತವೆ.

ಮಲೆನಾಡು: ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7000 ಮಿ.ಮೀ.ಗೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂತಹ ಪ್ರದೇಶಗಳಲ್ಲಿ ಲೆನ್ಸನ್ನು ತೆರೆದ ಕಪಾಟಿನಲ್ಲಿ ಇಡಲೇಬಾರದು. ಮೇ ತಿಂಗಳ ಕೊನೆಯಲ್ಲಿಯೇ ಸಿಲಿಕಾ ಜೆಲ್ ಒಣಗಿಸಿ ಸಿದ್ಧಪಡಿಸಿಕೊಂಡು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದರ ಬಣ್ಣವನ್ನು ಪರಿಶೀಲಿಸುವುದು ಅಗತ್ಯ.

ಬಯಲುಸೀಮೆ: ಬೇಸಿಗೆಯ ಗಾಳಿಯಲ್ಲಿ ಮಣ್ಣಿನ ಧೂಳು ಹೆಚ್ಚು. ಬಯಲಿನಲ್ಲಿ ಲೆನ್ಸ್ ಬದಲಾಯಿಸಬಾರದು. ಅನಿವಾರ್ಯವಾದಲ್ಲಿ ವಾಹನದೊಳಗೆ, ಕಿಟಕಿ ಮುಚ್ಚಿ ಬದಲಾಯಿಸಬೇಕು. ಭಂಡಾರ ಎರಚುವ ಜಾತ್ರೆಗಳಲ್ಲಿ ಮತ್ತು ಹೋಳಿ ಹಬ್ಬದಲ್ಲಿ ಲೆನ್ಸಿಗೆ ರಕ್ಷಣಾ ಫಿಲ್ಟರ್ ಅಳವಡಿಸಿಕೊಳ್ಳುವುದು ಸೂಕ್ತ.

10. ಮೊಬೈಲ್ ದೂರವಾಣಿಯ ಕ್ಯಾಮೆರಾ

ಈಗ ಬಹುಪಾಲು ಛಾಯಾಚಿತ್ರಗಳನ್ನು ಮೊಬೈಲ್‌ನಿಂದಲೇ ತೆಗೆಯಲಾಗುತ್ತಿದೆ. ಅದರ ಲೆನ್ಸಿನ ಮೇಲೆ ರಕ್ಷಣಾ ಗಾಜು ಇರುವುದರಿಂದ ಗೀರಿನ ಭಯ ಕಡಿಮೆ. ಆದರೆ ಜೇಬು ಮತ್ತು ಅಂಗೈಯ ಸಂಪರ್ಕದಿಂದ ಅದರ ಮೇಲೆ ಸದಾ ಜಿಡ್ಡು ಇರುತ್ತದೆ. ಪಹಣಿ, ಆಧಾರ್ ಮುಂತಾದ ದಾಖಲೆಗಳ ಚಿತ್ರ ತೆಗೆಯುವ ಮೊದಲು ಶುಚಿಯಾದ ಮೈಕ್ರೋಫೈಬರ್ ಬಟ್ಟೆಯಿಂದ ಒಮ್ಮೆ ಒರೆಸಿದರೆ ಅಕ್ಷರಗಳು ಸ್ಪಷ್ಟವಾಗಿ ಮೂಡುತ್ತವೆ. ಮಸುಕಾದ ಪ್ರತಿಯ ಕಾರಣಕ್ಕೆ ಅರ್ಜಿ ಹಿಂದಿರುಗುವುದನ್ನು ಇದರಿಂದ ತಪ್ಪಿಸಬಹುದು.

11. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಲೆನ್ಸಿನ ಮುಂಭಾಗದಲ್ಲಿ ಸಣ್ಣ ಗೀರು ಬಿದ್ದಿದೆ. ಲೆನ್ಸ್ ನಿರುಪಯುಕ್ತವೇ?
ಉತ್ತರ: ಇಲ್ಲ. ಸಣ್ಣ ಗೀರು ಸಾಮಾನ್ಯವಾಗಿ ಚಿತ್ರದಲ್ಲಿ ಕಾಣುವುದಿಲ್ಲ. ದೀಪಕ್ಕೆ ಎದುರಾಗಿ ಚಿತ್ರ ತೆಗೆಯುವಾಗ ಮಾತ್ರ ಕೈಯಿಂದ ಅಥವಾ ಹುಡ್‌ನಿಂದ ಲೆನ್ಸಿಗೆ ನೆರಳು ನೀಡಿ.

ಪ್ರಶ್ನೆ: ಎಲ್ಲ ಚಿತ್ರಗಳಲ್ಲಿಯೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಬರುತ್ತಿದೆ. ಲೆನ್ಸ್ ಒರೆಸಿದರೂ ಹೋಗುತ್ತಿಲ್ಲ, ಏಕೆ?
ಉತ್ತರ: ಬಹುಶಃ ಧೂಳು ಲೆನ್ಸಿನ ಮೇಲಲ್ಲ, ಕ್ಯಾಮೆರಾದೊಳಗಿನ ಸೆನ್ಸರ್ ಮೇಲಿದೆ. ಲೆನ್ಸ್ ಬದಲಾಯಿಸಿದರೂ ಚುಕ್ಕೆ ಅಲ್ಲೇ ಇದ್ದರೆ ಇದು ಖಚಿತ. ಸೆನ್ಸರನ್ನು ಬೆರಳು, ಕುಂಚ ಅಥವಾ ಬಟ್ಟೆಯಿಂದ ಮುಟ್ಟಬಾರದು. ಕ್ಯಾಮೆರಾದಲ್ಲಿಯೇ ಶುಚಿಗೊಳಿಸುವ ಸೌಲಭ್ಯವಿದ್ದರೆ ಅದನ್ನು ಬಳಸಿ, ಇಲ್ಲವಾದರೆ ಅಧಿಕೃತ ಸೇವಾ ಕೇಂದ್ರಕ್ಕೆ ಕೊಡಿ.

ಪ್ರಶ್ನೆ: ಹಳೆಯ ಫಿಲ್ಮ್ ಕ್ಯಾಮೆರಾದ ಲೆನ್ಸಿಗೂ ಇದೇ ವಿಧಾನವೇ?
ಉತ್ತರ: ಹೌದು, ಆದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಳೆಯ ಲೆನ್ಸುಗಳ ಲೇಪನ ಮೃದುವಾಗಿರಬಹುದು. ಕೆಲವುಗಳಲ್ಲಿ ಬಿಲ್ಲೆಗಳನ್ನು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ ಜೋಡಿಸಲಾಗಿದ್ದು, ಬಿಸಿ ಮತ್ತು ದ್ರಾವಣಗಳಿಂದ ಅದು ಕೆಡುತ್ತದೆ. ಸಾಧ್ಯವಾದಷ್ಟು ಗಾಳಿ ಮತ್ತು ಕುಂಚದಲ್ಲಿಯೇ ಕೆಲಸ ಮುಗಿಸುವುದು ಕ್ಷೇಮ.

12. ಮುಕ್ತಾಯ

ದಾಸ್ತಾನು ವಹಿಯಲ್ಲಿ ಲೆನ್ಸಿಗೆ ಪ್ರತಿ ವರ್ಷ ಸವಕಳಿ ಬರೆಯಲಾಗುತ್ತದೆ. ಆದರೆ ಒಣ ಡಬ್ಬಿಯಲ್ಲಿಟ್ಟು, ಅನಗತ್ಯವಾಗಿ ಉಜ್ಜದೆ ಬಳಸಿದ ಲೆನ್ಸ್ ದಶಕಗಳ ನಂತರವೂ ಮೊದಲ ದಿನದಷ್ಟೇ ಸ್ಪಷ್ಟವಾದ ಚಿತ್ರವನ್ನು ಕೊಡಬಲ್ಲದು. ಲೆನ್ಸನ್ನು ಹೊಸದಾಗಿ ಖರೀದಿಸಬಹುದು. ಅದು ಮಸುಕಾಗಿದ್ದ ದಿನ ತೆಗೆಯಬೇಕಾಗಿದ್ದ ಚಿತ್ರವನ್ನು, ಗಾರೆ ಮೆತ್ತಿದ ಆ ಬಿರುಕಿನಂತೆಯೇ, ಮತ್ತೆ ಪಡೆಯಲಾಗುವುದಿಲ್ಲ. ಆದುದರಿಂದ ಸಾರ್ವಜನಿಕರು, ವಿದ್ಯಾರ್ಥಿಗಳು, ಸ್ಟುಡಿಯೋ ಮಾಲೀಕರು ಹಾಗೂ ಕ್ಯಾಮೆರಾಗಳ ಉಸ್ತುವಾರಿ ಹೊತ್ತಿರುವ ಎಲ್ಲ ಸಿಬ್ಬಂದಿಯು ಮೇಲ್ಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಂಡು, ಮಳೆಗಾಲ ಆರಂಭವಾಗುವ ಮೊದಲೇ ತಮ್ಮ ಲೆನ್ಸುಗಳನ್ನು ಒಮ್ಮೆ ಟಾರ್ಚ್ ಹಿಡಿದು ಪರಿಶೀಲಿಸಿಕೊಳ್ಳಬೇಕೆಂದು ಕೋರಲಾಗಿದೆ.